ನಂಬರು ಕೊಟ್ಟರೆ ಕಷ್ಟ, ಕೊಡದಿದ್ದರೆ ನಷ್ಟ

ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಎದೆಮಟ್ಟದ ಕಾಂಪೌಂಡ್ ಇರುವ ಹಳೇ ಮನೆಗಳು ಇನ್ನು ನಾಲ್ಕೋ ಐದೋ ಉಳಿದಿವೆ. ಹೊಸದಾಗಿ ಕಟ್ಟಿಸುವವರು ಎಂಟಡಿ ಗೋಡೆ ಎಬ್ಬಿಸಿ, ಮೇಲೆ ಗಾಜಿನ ಚೂರು ನೆಟ್ಟು, ಅದರ ಮೇಲೊಂದು ಕ್ಯಾಮೆರಾ ಕೂರಿಸುತ್ತಾರೆ. ಅಂಥ ಗೋಡೆಯ ಆಚೀಚೆ ಹರಟೆ ಹುಟ್ಟುವುದಿಲ್ಲ. ಹುಟ್ಟಿದರೆ ತಕರಾರು ಹುಟ್ಟೀತು. ನಮಗೂ ಪಕ್ಕದ ಗೌಡರಿಗೂ ನಡುವೆ ಇರುವುದು ಹಳೇ ಗೋಡೆ. ಕಾಫಿ ಲೋಟ ಇಡುವಷ್ಟು ಅಗಲ, ಮೊಣಕೈ ಊರುವಷ್ಟು ಎತ್ತರ. ಲೋಕದ ವ್ಯವಹಾರವೆಲ್ಲ ಅದರ ಮೇಲೇ ಇತ್ಯರ್ಥವಾಗುವುದು.

ಗೌಡರು ಮಾಗಡಿ ಕಡೆಯವರು. ಕಾಮಾಕ್ಷಿಪಾಳ್ಯದಲ್ಲಿ ಸ್ಪ್ರಿಂಗ್ ಮಾಡುವ ಶೆಡ್ ಇಟ್ಟುಕೊಂಡಿದ್ದಾರೆ. ಪೆನ್ನಿನೊಳಗಿನ ಸಣ್ಣ ಸುರುಳಿಯಿಂದ ಹಿಡಿದು ಯಂತ್ರಗಳ ದಪ್ಪ ಸುರುಳಿಯವರೆಗೆ ತಂತಿ ಸುತ್ತುವುದೇ ಅವರ ಕಸುಬು. ನಾನು ಟೆಲಿಫೋನ್ ಇಲಾಖೆಯಲ್ಲಿ ಟ್ರಂಕ್ ಕಾಲ್ ಜೋಡಿಸುತ್ತ ವಯಸ್ಸು ಸವೆಸಿ ನಿವೃತ್ತಳಾದವಳು. ಹಾಗಾಗಿ ಫೋನಿನ ವಿಚಾರ ಬಂದರೆ ನನ್ನದೇ ಕೊನೆಯ ಮಾತು ಎಂದು ನಾನು ನಂಬಿದ್ದೇನೆ. ಗೋಡೆಯ ಆ ಕಡೆ ಈ ನಂಬಿಕೆ ಅಷ್ಟಾಗಿ ಇಲ್ಲ.

ಈಚೆಗೆ ಗೌಡರು ಯಾರೋ ಪರಿಚಯದ ಹುಡುಗನ ಕೈಲಿ ಶೆಡ್ಡಿಗೊಂದು ವೆಬ್‌ಸೈಟ್ ಮಾಡಿಸಿದರು. ಮೊದಲ ಪುಟದಲ್ಲೇ ಗೌಡರ ಫೋಟೊ, ಫೋಟೊದ ಕೆಳಗೆ ಮೊಬೈಲ್ ನಂಬರು, ಅದರ ಕೆಳಗೆ ಇಮೇಲು. ಮದುವೆ ಮನೆಯ ಫ್ಲೆಕ್ಸಿನಷ್ಟು ದಪ್ಪ ಅಕ್ಷರ. ವಾರ ತುಂಬುವಷ್ಟರಲ್ಲಿ ಅವರ ಫೋನಿಗೆ ಬಿಡುವೇ ಇಲ್ಲದಂತಾಯಿತು.

“ಏನ್ ಗೌಡ್ರೇ, ಬೆಳಗ್ಗೆಯಿಂದ ಫೋನು ಒಂದೇ ಸಮ ಬಡ್ಕೊಳ್ತಾ ಇದೆ. ಆರ್ಡರ್ ಜೋರಾ?”

“ಆರ್ಡರ್ ಎಲ್ಲಿಂದ ಬಂತಕ್ಕ! ಒಬ್ಬ ಇಪ್ಪತ್ತು ಲಕ್ಷ ಸಾಲ ರೆಡಿ ಇದೆ ಅಂತಾನೆ. ಇನ್ನೊಬ್ಬಳು ತಾವರೆಕೆರೆ ಹತ್ರ ಸೈಟ್ ತಗೊಳ್ಳಿ ಸರ್ ಅಂತಾಳೆ. ಮತ್ತೊಬ್ಬ ನಿಮ್ಮ ವೆಬ್‌ಸೈಟನ್ನ ಗೂಗಲ್‌ನಲ್ಲಿ ಮೊದಲನೇ ಪುಟಕ್ಕೆ ತರ್ತೀನಿ ಅಂತಾನೆ. ಅಲ್ಲಕ್ಕ, ಇವನ ಕಣ್ಣಿಗೆ ಬಿದ್ದಿದೆ ಅಂದ್ಮೇಲೆ ಅದು ಆಗ್ಲೇ ಎಲ್ಲೋ ಕಾಣ್ತಾ ಇದೆ ಅಂತ ತಾನೇ?”

“ಆ ಪ್ರಶ್ನೆ ಅವನನ್ನೇ ಕೇಳ್ಬೇಕಿತ್ತು.”

“ಕೇಳ್ದೆ. ಫೋನ್ ಇಟ್ಬಿಟ್ಟ. ಆಮೇಲೆ ಬೇರೆ ನಂಬರಿಂದ ಮತ್ತೆ ಅವನೇ ಮಾಡ್ದ.” ಗೌಡರು ಗೋಡೆಗೆ ಇನ್ನಷ್ಟು ಒರಗಿದರು. “ಇದೆಲ್ಲ ಬಿಡಿ. ನಿನ್ನೆ ಒಬ್ಬ ಮಿಲಿಟರಿ ಆಫೀಸರ್ ಅಂತ ಹಿಂದೀಲಿ ಶುರು ಮಾಡ್ದ. ಸಾವಿರ ಸ್ಪ್ರಿಂಗ್ ಬೇಕಂತೆ. ಎಷ್ಟು ಎಂ.ಎಂ. ತಂತಿ, ಎಷ್ಟು ಸುತ್ತು ಅಂತ ಕೇಳಿದ್ರೆ, ಅದೆಲ್ಲ ಆಮೇಲೆ, ಮೊದ್ಲು ನಾನು ಕಳ್ಸೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಅಡ್ವಾನ್ಸ್ ನಿಮ್ಮ ಖಾತೆಗೆ ಬಂದ್ಬಿಡುತ್ತೆ ಅಂದ.”

“ಮಾಡಿದ್ರಾ?”

“ದುಡ್ಡು ಬರೋಕೆ ಯಾರಕ್ಕ ಪಿನ್ ಒತ್ತುತ್ತಾರೆ? ಒತ್ತಿದ್ರೆ ಹೋಗೋದೇ. ಮಾಗಡಿಯವನ ಹತ್ರ ಅದು ನಡೆಯಲ್ಲ.”

ಸರಿ, ನಂಬರನ್ನೇ ಅಳಿಸಿಬಿಡಿ, ಪೀಡೆ ತೊಲಗುತ್ತದೆ ಎಂದು ನಾನು ಸುಲಭದ ದಾರಿ ಹೇಳಿದೆ. ಗೌಡರ ಮನೆಯವರು ಸೊಪ್ಪು ಸೋಸುತ್ತ ಕಟ್ಟೆಯ ಮೇಲೆ ಕೂತಿದ್ದರು. ತಲೆ ಎತ್ತದೇ, “ಹೊಸೂರಿನವರು ಹೆಂಗ್ ಬಂದ್ರು ಕೇಳಿ” ಎಂದರು. ಹೊಸೂರಿನ ಒಂದು ಕಾರ್ಖಾನೆಗೆ ತುರ್ತಾಗಿ ಒಂದು ಬಗೆಯ ಸ್ಪ್ರಿಂಗ್ ಬೇಕಾಗಿತ್ತಂತೆ. ಅವರು ರಾತ್ರಿ ಇಂಟರ್ನೆಟ್‌ನಲ್ಲಿ ಹುಡುಕಿ, ನಂಬರು ನೋಡಿ, ಬೆಳಗ್ಗೆ ಏಳಕ್ಕೇ ಫೋನು ಮಾಡಿ, ಮಧ್ಯಾಹ್ನ ಸ್ಯಾಂಪಲ್ ತಗೊಂಡು ಹೋದರಂತೆ. ಸೈಟ್ ಮಾಡಿಸಿದ ಖರ್ಚು ಆ ಒಂದು ಆರ್ಡರಿನಲ್ಲೇ ಹುಟ್ಟಿತು. “ನಂಬರ್ ಹಾಕದೇ ಇರೋ ಅಂಗಡಿ ಅಂದ್ರೆ ಬಾಗ್ಲು ಹಾಕಿರೋ ಅಂಗಡೀನೇ” ಎಂದು ಅವರು ಸೊಪ್ಪಿನ ದಂಟು ಮುರಿದರು.

ವಿಷಯ ಇರುವುದೇ ಇಲ್ಲಿ. ನಂಬರು ಕೊಟ್ಟರೆ ಕಷ್ಟ, ಕೊಡದಿದ್ದರೆ ನಷ್ಟ. ಕಾಮಾಕ್ಷಿಪಾಳ್ಯ, ರಾಜಾಜಿನಗರದ ಇಂಡಸ್ಟ್ರಿಯಲ್ ಟೌನು, ಮಾಗಡಿ ರಸ್ತೆಯ ಅಕ್ಕಪಕ್ಕದ ಗಲ್ಲಿಗಳಲ್ಲಿ ಲೇತು, ಪ್ರೆಸ್ಸು, ಪೌಡರ್ ಕೋಟಿಂಗ್ ಇಟ್ಟುಕೊಂಡಿರುವ ಪ್ರತಿಯೊಬ್ಬರ ಗೋಳೂ ಇದೇ. ಸಣ್ಣ ಕೈಗಾರಿಕೆಯವರ ಸಂಘ ಕಾಸಿಯಾ ನಮ್ಮ ವಿಜಯನಗರದ ಮಾಗಡಿ ಕಾರ್ಡ್ ರಸ್ತೆಯಲ್ಲೇ ಇದೆ; 1949ರಲ್ಲಿ ಹುಟ್ಟಿದ್ದು. ಆ ಕಾಲದ ಕಾರ್ಖಾನೆಯವರ ಕಷ್ಟ ಫೋನ್ ಲೈನ್ ಸಿಗುವುದಿಲ್ಲ ಎಂಬುದು. ಈಗಿನವರ ಕಷ್ಟ ಫೋನು ಸುಮ್ಮನಾಗುವುದಿಲ್ಲ ಎಂಬುದು.

ಇಲ್ಲಿ ನನ್ನ ಇಲಾಖೆಯ ನೆನಪು ಬಿಚ್ಚದೇ ಇರಲಾಗಲಿಲ್ಲ. “ಗೌಡ್ರೇ, ನಮ್ಮ ಕಾಲದಲ್ಲಿ ಊರಿನವರೆಲ್ಲರ ಹೆಸರು, ವಿಳಾಸ, ನಂಬರು ಅಚ್ಚು ಹಾಕಿಸಿ ಮನೆಮನೆಗೆ ಹಂಚ್ತಾ ಇದ್ವಿ. ಟೆಲಿಫೋನ್ ಡೈರೆಕ್ಟರಿ. ಡಾಕ್ಟರು, ಲಾಯರು, ಕಾರ್ಖಾನೆಯವರು, ಎಲ್ಲರೂ ಅದರಲ್ಲಿದ್ರು. ನಂಬರು ಬಯಲಾಯ್ತು ಅಂತ ಒಬ್ಬರೂ ಅತ್ತಿದ್ದಿಲ್ಲ.”

“ಆಗ ಜನ ಒಳ್ಳೇವ್ರು ಇದ್ರು ಬಿಡಿ.”

“ಜನ ಇದ್ದ ಹಾಗೇ ಇದ್ರು. ಕರೆಗೆ ದುಡ್ಡಾಗ್ತಾ ಇತ್ತು!”

ಟ್ರಂಕ್ ಕಾಲ್‌ನಲ್ಲಿ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳಿದ್ದವು. ಅರ್ಜೆಂಟ್ ಎಂದರೆ ದರ ಏರಿತು, ಲೈಟ್ನಿಂಗ್ ಎಂದರೆ ಹಲವು ಪಟ್ಟು ಏರಿತು. ಸಾವಿನ ಸುದ್ದಿಗೂ ಜನ ಒಮ್ಮೆ ಯೋಚಿಸಿ ಬುಕ್ ಮಾಡುತ್ತಿದ್ದರು. ಗುರುತಿಲ್ಲದ ಸಾವಿರ ಮನೆಗೆ ಕರೆ ಮಾಡಿ ಸೈಟ್ ಬೇಕಾ ಎಂದು ಕೇಳಲು ಹೊರಟವನು ತನ್ನ ಸೈಟನ್ನೇ ಮಾರಿಕೊಳ್ಳಬೇಕಾಗುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮಾತಿಗೆ ದುಡ್ಡಿಲ್ಲ ಎಂದಿತು. ಉಳಿದ ಕಂಪನಿಗಳೂ ಆ ದಾರಿಗೇ ಬಂದವು. ಮಾತು ಅಗ್ಗವಾಯಿತು, ಕಾಟವೂ ಅಗ್ಗವಾಯಿತು. ಇಮೇಲಿನದಂತೂ ಹುಟ್ಟಿದಾಗಿನಿಂದ ಇದೇ ಪಾಡು. 1978ರ ಮೇ 3ರಂದು ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥುರ್ಕ್ ಎಂಬಾತ, ಇಂಟರ್ನೆಟ್ಟಿನ ಹಿರಿಯಜ್ಜನಾದ ಅರ್ಪಾನೆಟ್‌ನಲ್ಲಿದ್ದ ಸುಮಾರು ನಾನೂರು ಜನರಿಗೆ ತನ್ನ ಕಂಪ್ಯೂಟರಿನ ಜಾಹೀರಾತನ್ನು ಒಂದೇ ಏಟಿಗೆ ಕಳಿಸಿದ. ಬೈಗುಳ ಬಂತು. ವ್ಯಾಪಾರವೂ ಆಯಿತಂತೆ. ಬೈಗುಳ ತಿಂದರೂ ವ್ಯಾಪಾರ ಆಗುತ್ತದೆ ಎಂದು ಗೊತ್ತಾದ ಮೇಲೆ ಬಿಟ್ಟಾರೆಯೇ?

ಈ ಕಾಟಕ್ಕೆ ಕಂಪ್ಯೂಟರೇ ಆಗಬೇಕೆಂದಿಲ್ಲ. ವಿಜಯನಗರದಲ್ಲಿ ಮನೆ ಬಾಡಿಗೆಗೆ ಇದೆ ಎಂದು ಒಂದು ಬೋರ್ಡು ನೇತುಹಾಕಿ ನೋಡಿ. ಗೌಡರ ಬೀಗರು ಅತ್ತಿಗುಪ್ಪೆಯಲ್ಲಿ ಹಾಗೆ ಹಾಕಿದರು. ಕೆಳಗೆ ಕೆಂಪಕ್ಷರದಲ್ಲಿ ‘ಬ್ರೋಕರ್‌ಗಳು ಕರೆ ಮಾಡಬಾರದು’ ಎಂದೂ ಬರೆಸಿದರು. ಮೊದಲ ಕರೆ ಬ್ರೋಕರಿನದೇ. “ನಾನು ಬ್ರೋಕರ್ ಅಲ್ಲ ಸರ್, ಪಾರ್ಟಿ ಇದ್ದಾರೆ, ಅಷ್ಟೇ” ಎಂದನಂತೆ. ಬೋರ್ಡಿನ ಫೋಟೊ ಹಿಡಿದು ಅವನು ತನ್ನ ವಾಟ್ಸಾಪ್ ಗುಂಪಿಗೆ ಹಾಕಿದ. ಸಂಜೆಯೊಳಗೆ ಅದು ಕೆಂಗೇರಿ ದಾಟಿತು. ಮನೆಗೆ ಬಾಡಿಗೆದಾರರು ಬಂದು, ಬೋರ್ಡು ಇಳಿಸಿ, ಅವರು ಹಾಲುಕ್ಕಿಸಿದ ಮೇಲೂ ಕರೆ ನಿಲ್ಲಲಿಲ್ಲ. ಒಮ್ಮೆ ಬಯಲಿಗೆ ಬಿದ್ದ ನಂಬರನ್ನು ವಾಪಸ್ ಒಳಗೆ ಕರೆಯುವ ಮಂತ್ರ ಯಾರಿಗೂ ಗೊತ್ತಿಲ್ಲ.

ಮಾತು ಇಷ್ಟಕ್ಕೆ ಬರುವಾಗ ಗೌಡರ ಸೊಸೆ ಮೆಟ್ರೊ ಇಳಿದು ಬಂದಳು. ಅವಳು ಕಂಪ್ಯೂಟರ್ ಕಂಪನಿಯವಳು. ಹೆಗಲ ಬ್ಯಾಗೂ ಇಳಿಸದೇ ಗೋಡೆಗೆ ಆತುಕೊಂಡಳು.

“ಮಾವ, ನಿಮ್ಮ ನಂಬರನ್ನ ಮನುಷ್ಯರು ಕೂತು ಹುಡುಕಿಲ್ಲ. ಪುಟದಿಂದ ಪುಟಕ್ಕೆ ಹೋಗಿ ಆರಿಸಿಕೊಳ್ಳೋದಕ್ಕೆ ಪ್ರೋಗ್ರಾಮ್ ಇರ್ತವೆ. ಇಮೇಲ್ ಆದ್ರೆ ನಡುವೆ ಇರೋ ಅಟ್ ಚಿಹ್ನೆ ನೋಡಿ ಗುರುತು ಹಿಡೀತವೆ. ಫೋನ್ ಆದ್ರೆ ಸಾಲಾಗಿ ಹತ್ತು ಅಂಕಿ ಕಂಡ್ರೆ ಸಾಕು.”

ಗೌಡರಿಗೆ ತಕ್ಷಣ ಉಪಾಯ ಹೊಳೆಯಿತು. “ಹಂಗಾದ್ರೆ ಕನ್ನಡ ಅಂಕೀಲಿ ಬರೆದ್ಬಿಡಮ್ಮ! ಬೋರ್ಡಲ್ಲಿ ಶೇಕಡ 60 ಕನ್ನಡ ಇರ್ಬೇಕು ಅಂತ 2024ರಲ್ಲಿ ಕಾಯ್ದೆ ತಿದ್ದಿದ್ದಾರೆ. ಕಾನೂನೂ ಪಾಲಿಸಿದ ಹಾಗಾಯ್ತು, ಸಾಲದವನಿಗೂ ಓದಕ್ಕೆ ಬರಲ್ಲ.”

“ಪ್ರೋಗ್ರಾಮ್‌ಗೆ ಕನ್ನಡ ಅಂಕಿ ಕಲಿಸೋದು ನಿಮಿಷದ ಕೆಲ್ಸ ಮಾವ. ಓದಕ್ಕೆ ಬರದೇ ಇರೋರು ನಮ್ಮ ಗಿರಾಕಿಗಳೇ.”

ಗೋಡೆಯ ಎರಡೂ ಕಡೆ ಯಾರೂ ಮಾತಾಡಲಿಲ್ಲ. ಈ ಮಾತಿಗೆ ಉತ್ತರ ಕೊಡಬೇಕಾದವರು ಬೇರೆ ಕಡೆ ಇದ್ದಾರೆ.

ಆಮೇಲೆ ಅವಳು ಹೇಳಿದ್ದು ಕೇಳಿ ನನ್ನ ಇಲಾಖೆಯ ಜಂಬ ಸ್ವಲ್ಪ ಇಳಿಯಿತು. ಅಮೆರಿಕದ ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ ಎಂಬ ಸಂಸ್ಥೆಯವರು ನೂರಾರು ಹೊಸ ಇಮೇಲ್ ವಿಳಾಸ ಮಾಡಿ, ಒಂದೊಂದನ್ನು ಒಂದೊಂದು ಕಡೆ ಕೊಟ್ಟು, ಆರು ತಿಂಗಳು ಕಾದು ನೋಡಿದರಂತೆ. 2003ರಲ್ಲಿ ಲೆಕ್ಕ ಹೊರಬಂತು. ಬಂದ ಕಸದಲ್ಲಿ ಶೇಕಡ 97ಕ್ಕಿಂತ ಹೆಚ್ಚು ಬಂದದ್ದು ವೆಬ್ ಪುಟಗಳಲ್ಲಿ ರಾಜಾರೋಷವಾಗಿ ಹಾಕಿದ್ದ ವಿಳಾಸಗಳಿಗೆ. ಚಿಹ್ನೆಯ ಬದಲು ‘ಅಟ್’, ಚುಕ್ಕಿಯ ಬದಲು ‘ಡಾಟ್’ ಎಂದು ಬಿಡಿಸಿ ಬರೆದಿದ್ದ ವಿಳಾಸಗಳಿಗೆ ಒಂದೂ ಬರಲಿಲ್ಲ. ಇದು ಹಳೇ ಲೆಕ್ಕ. ಪ್ರೋಗ್ರಾಮ್‌ಗಳು ಈಗ ಚುರುಕಾಗಿವೆ, ಬಿಡಿಸಿ ಬರೆದದ್ದನ್ನೂ ಕೂಡಿಸಿ ಓದುತ್ತವೆ. ಆದರೂ ಸುಲಭವಾಗಿ ಸಿಗುವುದು ಇನ್ನೂ ಬೇಕಾದಷ್ಟಿರುವಾಗ ಕಷ್ಟದ್ದಕ್ಕೆ ಕೈಹಾಕುವವರು ಕಡಿಮೆ ಎಂದಳು.

“ಚಿತ್ರ ಮಾಡಿ ಹಾಕಿದ್ರೆ? ನಂಬರನ್ನ ಫೋಟೊ ಹೊಡೆದು?” ಇದು ನನ್ನ ಪ್ರಶ್ನೆ.

“ಹಾಕ್ಬೋದು ಆಂಟಿ. ಆದ್ರೆ ಮೊಬೈಲಲ್ಲಿ ನೋಡೋರು ನಂಬರ್ ಮೇಲೆ ಒತ್ತಿದ್ರೆ ಕರೆ ಹೋಗಲ್ಲ. ಕಣ್ಣು ಕಾಣದೇ ಇರೋರ ಫೋನು ಪುಟವನ್ನ ಗಟ್ಟಿಯಾಗಿ ಓದಿ ಹೇಳುತ್ತಲ್ಲ, ಅದಕ್ಕೆ ಚಿತ್ರದೊಳಗಿನ ನಂಬರ್ ಎಷ್ಟೋ ಸಲ ಓದಕ್ಕಾಗಲ್ಲ. ಕಳ್ಳನಿಗೆ ಅಂತ ಹಾಕಿದ ಬೀಗ ನೆಂಟರನ್ನ ಹೊರಗೆ ನಿಲ್ಲಿಸಬಾರದು.”

ಅವಳ ಉಪಾಯ ಬೇರೆ. ಇಮೇಲ್ ವಿಳಾಸವನ್ನು ಪುಟದಲ್ಲಿ ತೋರಿಸುವುದೇ ಬೇಡ. ಒಂದು ಫಾರಂ ಇಡುವುದು. ಗಿರಾಕಿ ಅದರಲ್ಲಿ ಬರೆದದ್ದು ಹಿಂದಿನಿಂದ ಗೌಡರ ಇಮೇಲಿಗೆ ಹೋಗುತ್ತದೆ, ವಿಳಾಸ ಹೊರಗೆ ಕಾಣುವುದಿಲ್ಲ. ಫಾರಂ ಕಂಡರೂ ಪ್ರೋಗ್ರಾಮ್‌ಗಳು ಬಿಡುವುದಿಲ್ಲ, ಅದನ್ನೂ ತುಂಬುತ್ತವೆ. ಅದಕ್ಕೆ ಫಾರಂನಲ್ಲಿ ಮನುಷ್ಯರ ಕಣ್ಣಿಗೆ ಕಾಣದ ಒಂದು ಖಾನೆ ಅಡಗಿಸಿಡುತ್ತಾರೆ. ಮನುಷ್ಯ ಕಾಣದ್ದನ್ನು ತುಂಬುವುದಿಲ್ಲ. ಪ್ರೋಗ್ರಾಮಿಗೆ ಖಾನೆ ಎಂದರೆ ಖಾನೆ, ಇಲಿ ಬೋನಿನ ಬೋಂಡಕ್ಕೆ ಬಾಯಿ ಹಾಕಿದ ಹಾಗೆ ಅದನ್ನೂ ತುಂಬಿ ಸಿಕ್ಕಿಬೀಳುತ್ತದೆ. ಆ ಖಾನೆ ತುಂಬಿ ಬಂದ ಫಾರಂ ನೇರ ಕಸಕ್ಕೆ.

“ಟ್ರಾಫಿಕ್ ಲೈಟ್ ಇರೋ ಚಿತ್ರ ಒತ್ತಿ, ಜೀಬ್ರಾ ಕ್ರಾಸಿಂಗ್ ಒತ್ತಿ ಅಂತ ಕೇಳ್ತಾರಲ್ಲ, ಅದೂ ಇದಕ್ಕೇನಾ?” ಎಂದರು ಗೌಡರು.

ಅದೂ ಇದಕ್ಕೇ. ಕ್ಯಾಪ್ಚಾ ಎನ್ನುತ್ತಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ಫಾನ್ ಆನ್ ಮತ್ತು ಜೊತೆಗಾರರು ಇದಕ್ಕೆ ಹೆಸರಿಟ್ಟವರು. ಮುಂದೆ ಅದರ ಮರಿಯಾಗಿ ಬಂದ ರೀಕ್ಯಾಪ್ಚಾವನ್ನು ಗೂಗಲ್ 2009ರಲ್ಲಿ ಕೊಂಡಿತು. ಆಗ ಸೊಟ್ಟಪಟ್ಟ ಅಕ್ಷರ ತೋರಿಸಿ ಬರೆಯಿರಿ ಎನ್ನುತ್ತಿದ್ದರಲ್ಲ, ಅದು ಹಳೇ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮತ್ತು ಪುಸ್ತಕಗಳಲ್ಲಿ ಯಂತ್ರಕ್ಕೆ ಓದಲಾಗದ ಪದಗಳನ್ನು ನಮ್ಮ ಕೈಲಿ ಓದಿಸುವ ಏರ್ಪಾಡು. “ಅಂದ್ರೆ ಬಿಟ್ಟಿ ಚಾಕರಿ ಮಾಡಿಸ್ಕೊಂಡ್ರು ಅನ್ನಿ” ಎಂದರು ಗೌಡರ ಮನೆಯವರು. ಗೌಡರ ತಕರಾರು ಬೇರೆಯದು: ಬೆಂಗಳೂರಿನವನಿಗೆ ಜೀಬ್ರಾ ಕ್ರಾಸಿಂಗ್ ಗುರುತಿಸು ಅಂದರೆ ಹೇಗೆ? ರಸ್ತೆ ಮೇಲೆ ಬಣ್ಣ ಉಳಿದಿದ್ದರೆ ತಾನೇ ಅಭ್ಯಾಸ ಇರುವುದು!

ಕೊನೆಗೆ ಫಾರಂಗೆ ಚಿತ್ರದ ಪರೀಕ್ಷೆ ಬೇಡವೆಂದಾಯಿತು. ಅದಕ್ಕಿಂತ ಒಳ್ಳೆಯ ಪರೀಕ್ಷೆ ಗೌಡರ ಬಾಯಲ್ಲೇ ಇತ್ತು, ಅವರಿಗೇ ಗೊತ್ತಿರಲಿಲ್ಲ. “ನೀವು ಆ ಮಿಲಿಟರಿಯವನನ್ನ ಏನ್ ಕೇಳಿದ್ರಿ ಮಾವ? ಅದನ್ನೇ ಹಾಕೋಣ.” ಈಗ ಫಾರಂನಲ್ಲಿ ಹೆಸರು, ಫೋನು ಆದ ಕೂಡಲೇ ಕೇಳುವ ಪ್ರಶ್ನೆಗಳು ಇವು: ತಂತಿ ಎಷ್ಟು ಎಂ.ಎಂ.? ಹೊರವ್ಯಾಸ ಎಷ್ಟು? ಎಷ್ಟು ಸುತ್ತು? ಒತ್ತುವ ಸ್ಪ್ರಿಂಗೋ, ಎಳೆಯುವ ಸ್ಪ್ರಿಂಗೋ? ನಿಜವಾದ ಗಿರಾಕಿಗೆ ಇವು ಬಾಯಿಪಾಠ. ಇಲ್ಲವಾದರೆ ಕೈಯಲ್ಲಿ ಡ್ರಾಯಿಂಗ್ ಇರುತ್ತದೆ. ಸಾಲ ಮಾರುವವನಿಗೆ ತಂತಿಯ ದಪ್ಪ ಯಾವ ಜನ್ಮದಲ್ಲಿ ಗೊತ್ತಾಗಬೇಕು? ಫೋನಿನಲ್ಲೂ ಗೌಡರು ಈಗ ಹಲೋ ಅನ್ನುವುದಿಲ್ಲ, “ಎಷ್ಟು ಎಂ.ಎಂ.?” ಎಂದೇ ಶುರು ಮಾಡುತ್ತಾರೆ. ಅರ್ಧಕ್ಕರ್ಧ ಕರೆ ಅಲ್ಲೇ ಮುಗಿಯುತ್ತದೆ. ದರ್ಜಿಯವರು ಅಳತೆ ಕೇಳಬಹುದು, ಅಡುಗೆ ಕಂಟ್ರಾಕ್ಟಿನವರು ಎಷ್ಟು ಎಲೆ, ಯಾವ ದಿನ ಎಂದು ಕೇಳಬಹುದು. ಪ್ರತಿ ಕಸುಬಿನಲ್ಲೂ ಗಿರಾಕಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಇದ್ದೇ ಇರುತ್ತದೆ.

ಎಲ್ಲರಿಗೂ ಇಮೇಲ್ ಬಚ್ಚಿಡುವ ಸ್ವಾತಂತ್ರ್ಯ ಇಲ್ಲ, ಅದನ್ನೂ ಹೇಳಬೇಕು. ನನ್ನ ತಂಗಿ ಕೆಂಗೇರಿ ಉಪನಗರದಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಮಾಡಿ ಪ್ಯಾಕೆಟ್ಟಿನಲ್ಲಿ ಮಾರುತ್ತಾಳೆ. ಪೊಟ್ಟಣ ಕಟ್ಟಿದ ಪದಾರ್ಥಗಳಿಗೆ 2011ರ ಕಾನೂನು ಮಾಪನ ನಿಯಮಗಳಿವೆ. ಗಿರಾಕಿ ದೂರು ಹೇಳಬೇಕಾದರೆ ಯಾರನ್ನು ಹುಡುಕಬೇಕು ಎಂಬುದನ್ನು ಹೆಸರು, ವಿಳಾಸ, ಫೋನು, ಇಮೇಲ್ ಸಮೇತ ಪೊಟ್ಟಣದ ಮೇಲೆ ಅಚ್ಚು ಹಾಕಲೇಬೇಕು. ಆನ್‌ಲೈನ್ ಮಾರಾಟದ ಸಂಸ್ಥೆಗಳಿಗೆ 2020ರ ಇ-ಕಾಮರ್ಸ್ ನಿಯಮಗಳೂ ಇದನ್ನೇ ಹೇಳುತ್ತವೆ: ಗ್ರಾಹಕ ಸೇವೆಯ ನಂಬರು, ದೂರು ಕೇಳುವ ಅಧಿಕಾರಿ, ಎಲ್ಲ ಕಾಣುವಂತಿರಬೇಕು. ನ್ಯಾಯವಾದದ್ದೇ. ಗೊಜ್ಜು ಕೆಟ್ಟಿದ್ದರೆ ಕೇಳುವವರು ಬೇಕಲ್ಲ.

“ಹಂಗಾದ್ರೆ ನಂಬರು ಹಾಕು ಅನ್ನೋ ಕಾನೂನು, ನಂಬರು ಕದ್ದವನನ್ನ ಹಿಡಿಯಲ್ವಾ?” ಗೌಡರು ಒಳ್ಳೆಯ ಪ್ರಶ್ನೆಯನ್ನೇ ಕೇಳಿದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಆದರೆ ಅದರ 3ನೇ ಸೆಕ್ಷನ್ನಿನಲ್ಲಿ ಒಂದು ಕಿಂಡಿ ಇದೆ: ನೀವೇ ನಿಮ್ಮ ಕೈಯಾರೆ ಬಹಿರಂಗ ಮಾಡಿದ ವಿವರಕ್ಕೆ, ಕಾನೂನಿನ ಪ್ರಕಾರ ಬಹಿರಂಗ ಮಾಡಲೇಬೇಕಾದ ವಿವರಕ್ಕೆ, ಈ ಕಾಯ್ದೆ ಅನ್ವಯವಾಗುವುದಿಲ್ಲ. ಗೌಡರ ವೆಬ್‌ಸೈಟ್ ಮೊದಲನೆಯದಕ್ಕೆ ಬಂತು, ತಂಗಿಯ ಗೊಜ್ಜಿನ ಪೊಟ್ಟಣ ಎರಡನೆಯದಕ್ಕೆ ಬಂತು. ಇಬ್ಬರಿಗೂ ಆ ಕೊಡೆಯ ಕೆಳಗೆ ಜಾಗವಿಲ್ಲ.

ಕರೆ ಮತ್ತು ಎಸ್ಸೆಮ್ಮೆಸ್ಸಿನ ಕಾಟಕ್ಕಾದರೆ ದಾರಿ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರ ತನ್ನ ನಿಯಮಗಳನ್ನು 2025ರ ಫೆಬ್ರವರಿಯಲ್ಲಿ ಬಿಗಿ ಮಾಡಿತು. ನೋಂದಾಯಿಸದೆ ಮಾರಾಟದ ಕರೆ ಮಾಡುವವರ ಮೇಲೆ ದೂರು ಕೊಡಲು ಮೊದಲು ಮೂರು ದಿನ ಇತ್ತು, ಈಗ ಏಳು ದಿನ. ಮೊದಲು ಏಳು ದಿನದಲ್ಲಿ ಹತ್ತು ದೂರು ಬಂದರೆ ಕ್ರಮ; ಈಗ ಹತ್ತು ದಿನದಲ್ಲಿ ಐದು ದೂರು ಸಾಕು. ಕಂಪನಿಯವರು ಕ್ರಮ ಜರುಗಿಸಲು ಇದ್ದ 30 ದಿನದ ಗಡುವು 5 ದಿನಕ್ಕೆ ಇಳಿದಿದೆ. ಮಾರಾಟದ ಕರೆಗಳು 140ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕು. ಸಾದಾ ಹತ್ತಂಕಿಯ ಮೊಬೈಲಿನಿಂದ ಸಾಲ ಬೇಕಾ ಎಂದು ಕೇಳಿದವನು ಕೇಳುವಾಗಲೇ ನಿಯಮ ಮುರಿದಿರುತ್ತಾನೆ. ನಾವು ಮಾತ್ರ ಬೈದು ಫೋನಿಟ್ಟು ಸಮಾಧಾನಪಟ್ಟುಕೊಳ್ಳುತ್ತೇವೆ. ಬೈಗುಳಕ್ಕೆ ಲೆಕ್ಕ ಇಡುವವರಿಲ್ಲ. ಇಂಥ ಕರೆಗಳ ಮೇಲಿನ ದೂರಿಗೆಂದೇ ಇರುವ 1909 ನಂಬರಿಗೆ ಕೊಟ್ಟ ದೂರಿಗೆ ಇದ್ದಾರೆ.

ಸೊಸೆ ಕೊನೆಯದಾಗಿ ಕೇಳಿದ ಪ್ರಶ್ನೆಯೇ ನಿಜಕ್ಕೂ ಮೊದಲು ಕೇಳಬೇಕಾಗಿದ್ದದ್ದು. “ಮಾವ, ವೆಬ್‌ಸೈಟಲ್ಲಿರೋ ನಂಬರಿಗೇ ತಾನೇ ಬ್ಯಾಂಕಿನ ಓಟಿಪಿ ಬರೋದು?”

ಹೌದು. ಬ್ಯಾಂಕು, ಆಧಾರು, ಜಿಎಸ್‌ಟಿ, ಗ್ಯಾಸು, ಮೊಮ್ಮಗನ ಸ್ಕೂಲು, ಶೆಡ್ಡಿನ ಬೋರ್ಡು, ಎಲ್ಲಕ್ಕೂ ಅದೊಂದೇ ನಂಬರು. ಊರಿಗೆಲ್ಲ ಹಂಚಿದ ನಂಬರು ಮತ್ತು ತಿಜೋರಿಯ ನಂಬರು ಒಂದೇ ಆದರೆ, ವೆಬ್‌ಸೈಟಿನಲ್ಲಿ ಎಷ್ಟು ಚಮತ್ಕಾರ ಮಾಡಿದರೂ ಪ್ರಯೋಜನವಿಲ್ಲ. ಅವತ್ತೇ ಶೆಡ್ಡಿಗೆ ಬೇರೆ ಸಿಮ್ಮು, ಬೇರೆ ಫೋನು ಬಂತು. ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ, ಸಂಜೆ ಏಳರ ಮೇಲೆ ‘ನಾಳೆ ಬೆಳಗ್ಗೆ ಉತ್ತರಿಸುತ್ತೇವೆ’ ಎಂದು ತಾನಾಗಿ ಹೇಳುವಂತೆ ಇಟ್ಟಳು. ಇಮೇಲೂ ಬೇರೆ ಆಯಿತು, ಗೌಡರ ಹೆಸರಿನಲ್ಲಲ್ಲ, ಶೆಡ್ಡಿನ ಹೆಸರಿನಲ್ಲಿ. ‘ಇನ್ಫೊ’, ‘ಸೇಲ್ಸ್’ ಎಂದು ಶುರುವಾಗುವ ವಿಳಾಸಗಳನ್ನು ಕಸ ಕಳಿಸುವವರು ನೋಡದೆಯೇ ಊಹಿಸಿ ಕಳಿಸುತ್ತಾರಂತೆ. ಹಾಗಾಗಿ ಅವೂ ಬೇಡವೆಂದಳು. ಜೊತೆಗೆ ಒಂದು ಎಚ್ಚರಿಕೆ: ವಾರಕ್ಕೊಮ್ಮೆ ಇಮೇಲಿನ ಸ್ಪ್ಯಾಮ್ ಬುಟ್ಟಿಯನ್ನೂ ಇಣುಕಿ ನೋಡಬೇಕು. ಕಸದ ಜೊತೆ ಒಳ್ಳೆಯ ಆರ್ಡರೂ ಅಲ್ಲಿ ಬಿದ್ದಿರುವುದುಂಟು.

ಶೆಡ್ಡಿನ ಫೋನು ಈಗಲೂ ಬಡಿದುಕೊಳ್ಳುತ್ತದೆ, ಆದರೆ ಶೆಡ್ಡಿನಲ್ಲಿ. ಮನೆಯ ಫೋನು ಸುಮ್ಮನಿದೆ. ಕಸ ಪೂರ್ತಿ ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಅವರೂ ಏನೋ ಮಾರಲು ಬಂದವರೇ ಎಂದು ತಿಳಿಯಿರಿ. ಅಂಗಡಿ ಇಟ್ಟವರು ಮುಖ ಮರೆಸಿಕೊಳ್ಳಬಾರದು; ಬೋರ್ಡಿನಲ್ಲಿ, ಪೊಟ್ಟಣದಲ್ಲಿ, ವೆಬ್‌ಸೈಟಿನಲ್ಲಿ ಧಾರಾಳವಾಗಿ ನಂಬರು ಹಾಕಿ, ಗಿರಾಕಿಗೆ ಹುಡುಕುವ ಕಷ್ಟ ಕೊಡಬೇಡಿ. ಓಟಿಪಿ ಬರುವ ನಂಬರನ್ನು ಮಾತ್ರ ಅಲ್ಲಿಗೆ ಹತ್ತಿಸಬೇಡಿ. ಕಾಟ ಕೊಟ್ಟವನ ಮೇಲೆ ಏಳು ದಿನದೊಳಗೆ 1909ಕ್ಕೆ ದೂರು ಕೊಡಿ. ದುಡ್ಡೇ ಹೋದರೆ ಒಂದು ಗಳಿಗೆಯೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಈ ಎರಡು ನಂಬರನ್ನು ಎಷ್ಟು ದಪ್ಪ ಅಕ್ಷರದಲ್ಲಿ ಬೇಕಾದರೂ ಬರೆದು ಗೋಡೆಗೆ ಅಂಟಿಸಿಕೊಳ್ಳಬಹುದು.